ಎಡಕ್ಕೆ ವಾಲುವ ಜಾಗ

ಸೋಮವಾರ ಸಂಜೆ 4.10ಕ್ಕೆ ಠಾಣೆಗೆ ನುಗ್ಗಿದ ಹಾಯಿದೋಣಿಯ ಮಾಲೀಕನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕೂತುಕೊಳ್ಳಿ ಎನ್ನುವ ಮೊದಲೇ ಕೂಗಾಡತೊಡಗಿದ.

“ಹೊಸ ದೋಣಿ ಸಾರ್! ಯಾರೋ ಅದರ ಅಡೀಲಿ ಲಂಗರು ಹೂತಿಟ್ಟಿದಾರೆ. ಹೊಟ್ಟೆಗೇ ತೂತು, ಮೊನೆ ಒಳಗೇ ಕಾಣ್ತಿದೆ. ನಾನು ಒಳಗಿದ್ದಿದ್ರೆ?”

“ಇದ್ರಾ?”

“ಇಲ್ಲ.”

“ಹಾಗಾದ್ರೆ ಮೆಲ್ಲಗೆ ಹೇಳಿ,” ಎಂದರು ಇನ್‌ಸ್ಪೆಕ್ಟರ್.

ಎಫ್‌ಐಆರ್ ದಾಖಲಾಯಿತು. ಆ ಬಂದರಿನಲ್ಲಿ ಇಳಿತದ ಹೊತ್ತಿಗೆ ನೀರೆಲ್ಲ ಹಿಂದೆ ಸರಿದು, ದೋಣಿಗಳು ಕೆಸರಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂರುತ್ತವೆ. ಹೀಗಾಗಿ ಪಂಚನಾಮೆಗೆ ಮಂಗಳವಾರ ಮಧ್ಯಾಹ್ನ 12.40ರವರೆಗೆ ಕಾಯಬೇಕಾಯಿತು.

ದಫೇದಾರ್ ಕೆಸರಿಗಿಳಿದು, ಲಂಗರಿನ ಸುತ್ತ ಬಿಗಿದಿದ್ದ ಕಲ್ಲುಗಳನ್ನು ಕಿತ್ತು, ಇಡೀ ಬಂದರಿಗೆ ಬೈಯುತ್ತ ಅದನ್ನು ಹೊರಗೆಳೆದ. ಅದರ ಮೊನೆ ಮೇಲ್ಮುಖವಾಗಿ, ದೋಣಿಯ ಎಡ ಮಗ್ಗುಲಿನ ಕೆಳಗೇ ಇತ್ತು. ಸಾಲಿನ ಉಳಿದ ದೋಣಿಗಳೆಲ್ಲ ಬಲಕ್ಕೆ ವಾಲಿದ್ದವು.

“ಇದೊಂದು ಯಾಕೆ ಎಡಕ್ಕೆ?” ಇನ್‌ಸ್ಪೆಕ್ಟರ್ ಮಾಲೀಕನನ್ನು ಕೇಳಿದರು.

“ನಂಗೇನು ಗೊತ್ತು? ನಿನ್ನೆ ಬೆಳಿಗ್ಗೆ ತಂದು ಕಟ್ಟಿದ್ದು, ಮಧ್ಯಾಹ್ನಕ್ಕೇ ಹೀಗೆ.”

ಬಂದರು ಕಚೇರಿಯ ಗುಮಾಸ್ತ ಶೂ ಹಾಳಾದೀತೆಂದು ಕಟ್ಟೆಯ ಮೇಲೆಯೇ ನಿಂತಿದ್ದ. “ಇಲ್ಲಿ ಬಲಗಡೆ ಕೆಸರಿನಡಿ ಬಂಡೆ ಇದೆ ಸಾರ್, ದೋಣಿ ಎಡಕ್ಕೇ ವಾಲುತ್ತೆ. ಈ ಜಾಗದಲ್ಲಿ ಕಟ್ಟಿದವರಿಗಷ್ಟೇ ಗೊತ್ತು.”

“ಮೊದಲು ಯಾರು ಕಟ್ತಿದ್ರು?”

ಗುಮಾಸ್ತ ಮಾಲೀಕನ ಮುಖ ನೋಡಿದ. “ಇವರ ತಂಗಿ. ಅಪ್ಪನ ಜೊತೆ ಹತ್ತೊಂಬತ್ತು ವರ್ಷ ಮೀನು ಹಿಡಿದೋರು. ಅಪ್ಪ ತೀರಿಕೊಂಡ ಮೇಲೆ ಜಾಗ ಈ ಅಣ್ಣನ ಹೆಸರಿಗಾಯ್ತು.”

“ಇವರೂ ಮೀನು ಹಿಡೀತಾರಾ?”

“ಇಲ್ಲ ಸಾರ್. ರಜಾ ದಿನ ಸುತ್ತಾಡೋಕೆ.”

“ತಂಗಿಗೆ ಯಾಕೆ ಕೊಡ್ಲಿಲ್ಲ?”

“ಮೂರು ಸಲ ಅರ್ಜಿ ಕೊಟ್ರು. ಮನೆ ಗಂಡಸರ ಸಹಿ ಇರ್ಲಿಲ್ಲ.”

ಇನ್‌ಸ್ಪೆಕ್ಟರ್‌ಗೆ ಮೈ ಉರಿದುಹೋಯಿತು. ಆ ಮನೆಯಲ್ಲಿ ಉಳಿದಿದ್ದ ಒಬ್ಬನೇ ಗಂಡಸು ಈ ಅಣ್ಣ.

2.15ಕ್ಕೆ ಅವರು ಮಹಿಳಾ ಕಾನ್‌ಸ್ಟೆಬಲ್ ಜೊತೆ ಬಂದರಿನ ಬಾಯಿಗೆ ಹೋದರು. ಅಲ್ಲಿ ಕೆಸರಿಲ್ಲ, ಬರೀ ಕಲ್ಲು. ಬೇರೆಡೆ ಜಾಗವಿಲ್ಲದೆ ಅಲ್ಲಿ ಕಟ್ಟಿದ್ದ ತಂಗಿಯ ದೋಣಿ ಮೊದಲ ಬಿರುಗಾಳಿಗೇ ಚಚ್ಚಿಹೋಗಿತ್ತು. ಆಕೆ ಒಡೆದ ಹಲಗೆಗಳಿಂದ ಮೊಳೆ ಕೀಳುತ್ತಿದ್ದಳು. ಪಕ್ಕದಲ್ಲಿ ಹಗ್ಗವಿತ್ತು, ಲಂಗರಿರಲಿಲ್ಲ.

“ಲಂಗರು ಎಲ್ಲಮ್ಮಾ?”

“ನಿಮ್ಮ ಜೀಪಲ್ಲಿದೆ.”

“ಯಾವಾಗ ಹೂತಿದ್ದು?”

“ಭಾನುವಾರ ಹನ್ನೊಂದಕ್ಕೆ. ಮಾರನೇ ದಿನ ಅವನು ದೋಣಿ ತರ್ತಾನೆ ಅಂತ ಊರಿಗೇ ಗೊತ್ತಿತ್ತು. ಎಲ್ಲರೂ ನೋಡ್ತಿದ್ರು. ಏನು ಮಾಡ್ತಿದೀಯ ಅಂತ ಒಬ್ಬನೂ ಕೇಳ್ಲಿಲ್ಲ. ನನ್ನ ದೋಣಿ ಒಡೆದಾಗ್ಲೂ ಕೇಳಿರ್ಲಿಲ್ಲ.”

“ಅಣ್ಣ ಒಳಗಿದ್ದಿದ್ರೆ?”

“ನೀರಿಳಿದ ಹೊತ್ತಲ್ಲಿ ಅವನು ಇತ್ತ ತಲೆ ಹಾಕಲ್ಲ. ಕೆಸರು ಮೆತ್ತುತ್ತಲ್ಲ!”

3.05ಕ್ಕೆ ಆಕೆಯನ್ನು ಬಂಧಿಸಿದರು. ಹೇಳಿಕೆ ಬರೆದುಕೊಳ್ಳುವಾಗ ದಫೇದಾರ್ ದನಿ ತಗ್ಗಿಸಿದ. “ಕೋಪದ ಭರದಲ್ಲಿ ಆಗೋಯ್ತು ಅಂತ ಬರೀಲಾ ತಾಯಿ?”

“ಬೇಡ. ನನ್ನ ದೋಣಿ ಒಡೆದಾಗಿಂದ ಇಪ್ಪತ್ತೆರಡು ದಿನ ಯೋಚನೆ ಮಾಡಿ ಇಟ್ಟಿದ್ದು. ಹಾಗೇ ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಹಾಗೆಯೇ ಬರೆಸಿದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಮೂರೂ ಅರ್ಜಿಗಳ ತಾರೀಖು ಹಾಕಿಸಿದರು. ಅಣ್ಣ ಮಾಡಿದ್ದಕ್ಕೆ ಹಚ್ಚಲು ಕಾನೂನಿನ ಒಂದು ಕಲಮೂ ಸಿಗಲಿಲ್ಲ. ಆತ ದೂರುದಾರನ ಜಾಗದಲ್ಲಿ ಹೆಸರು ಗೀಚಿ ಮನೆಗೆ ಹೋದ.