ರಾಯಭಾರಿ ಸಾಹೇಬರ ಸಹಿ ಇಲ್ಲದ ಪತ್ರ

ಕೇಳ್ರಿಲ್ಲೆ! ಕಾಚಿಗೂಡದಿಂದ ಉಪ್ಪಲ್‌ತನಕ ಲವ್ ಸ್ಟೋರಿ ಹೇಳೂದ್ರಾಗ ನನ್ನ ಮುಂದ ನಿಂದ್ರಾವ ಇನ್ನೂ ಹುಟ್ಟಿಲ್ಲ. ನನ್ನ ಹೀರೋಗ ವಯಸ್ಸು ಅರವತ್ತೆಂಟು. ಎಂಟ್ರಿ ಸ್ಲೋ ಮೋಷನ್ನೇ. ಸಾಹೇಬರು ನಡಿಯೂದ ಹಂಗ.

ಇನ್ನಾಸಪ್ಪ ಸಾಹೇಬರು, ಬೀದರ ಕಡೆ ಕ್ಯಾಥೊಲಿಕ್ ಮಂದಿ. ಆರು ದೇಶದಾಗ ರಾಯಭಾರ ಮಾಡಿ, ನಡುನಡುವ ಕಾದಂಬರಿ ಬರದು, ಈಗ ಹಿಮಾಯತ್‌ನಗರದಾಗ ತಮ್ಮ ಜೀವನಾನ ಬರಿಯಾಕತ್ತಿದ್ರು. ಪುಸ್ತಕದ ತುಂಬ ತಮ್ಮನ್ನ ‘ರಾಯಭಾರಿ’ ಅಂತನ ಕರಕೊಂಡಿದ್ರು. ಅದನ್ನ ಟೈಪ್ ಮಾಡಾಕಿ ಶೈಲಾ. ಐವತ್ತೈದರ ವಿಧವೆ; ಮೂರು ವರ್ಷದಿಂದ ಉಪ್ಪಲ್‌ದಿಂದ ಮೆಟ್ರೋದಾಗ ನಿಂತ್ಕೊಂಡ ಬಂದು ನಿಂತ್ಕೊಂಡ ಹೋಗಾಕಿ.

ಅವತ್ತು ಕಡೀ ಹಾಳಿ. ನಾಳಿಂದ ಬರೂ ಕಾರಣ ಇಲ್ಲ. ಅದನ್ನ ನೆನಸಿ ಆಕಿ ಹಾಳಿ ಸಾವಕಾಶ ಕೈಗೆ ತಗೊಂಡ್ಲು.

ಹಾಳ್ಯಾಗ ಹಿಂಗಿತ್ತು: ‘ರಾಯಭಾರಿಯವರು ಶ್ರೀಮತಿಯವರಿಗೆ ಗೌರವಪೂರ್ವಕ ವಂದಿಸಿ, ಉಳಿದ ದಿನಗಳನ್ನು ಜೊತೆಯಲ್ಲಿ ಕಳೆಯುವ ಇಚ್ಛೆಯನ್ನು ಅವರ ಪರಿಶೀಲನೆಗೆ ಸಲ್ಲಿಸುತ್ತಾರೆ.’

ಯಾವ ದೇಶದಾಕಿಗೆ ಬರದಿದ್ರೋ! ಶೈಲಾ ಹಾಳಿ ಒಮ್ಮೆ ಆಚೆ ಸರಿಸಿದ್ಲು. ಆದರೂ ಟೈಪ್ ಮಾಡಿ, ಎರಡು ತಪ್ಪು ತಿದ್ದಿ, ಅಂಚಿನಾಗ ಹಿಂಗ ಬರದು ಸಾಹೇಬರಿಗೆ ಕೊಟ್ಲು: ‘ಭಾಳ ಒಣಾ ಐತ್ರಿ.’

ಸಾಹೇಬರು ಕನ್ನಡಕದ ಮ್ಯಾಲಿಂದ ಆಕಿನ್ನ ನೋಡಿದ್ರು. ಆಕಿ ನೋಡೂದ್ರಾಗ ಕಣ್ಣು ಕೆಳಗ ಹಾಕಿದ್ರು.

“ಆಕಿ ಒಪ್ಪಿದ್ಲೇನ್ರಿ?” ಶೈಲಾ ಕೇಳಿದ್ಲು.

“ತಿದ್ದಿ ವಾಪಸ್ ಕೊಟ್ಟಾಳ.”

ಶೈಲಾ ಹಾಳಿ ಮತ್ತ ನೋಡಿದ್ಲು. ಮ್ಯಾಲ ತಾರೀಖು ಇವತ್ತಿಂದು.

“ಹೆಸರಿಲ್ಲ, ಸಹಿ ಇಲ್ಲ. ಹಿಂಗ ಬರದ್ರ ತಿಳಿಯೂದು ಹ್ಯಾಂಗ್ರಿ?”

“ನಮ್ಮ ಇಲಾಖೆದಾಗ ದೇಶದಿಂದ ದೇಶಕ್ಕ ಹೋಗೂ ಇಂಥ ಪತ್ರಕ್ಕ ಸಹಿ ಹಾಕಂಗಿಲ್ಲ ಶೈಲಾಬಾಯಿ. ಕಾದಂಬರಿ ಎಷ್ಟೋ ಬರದೀನಿ. ನನ್ನ ಸಲುವಾಗಿ ಬರಿಯೂದಂದ್ರ ಇಷ್ಟೇ ಬರತೈತಿ.”

ಆಕಿ ಓಡಿ ಹೋಗಿ ಅಪ್ಪಿಕೊಂಡ್ಲು! ವಯೋಲಿನ್! ಹೂವಿನ ಮಳಿ!

ಸುಳ್ಳ್ರೀ. ಖರೇ ಹೇಳಿಬಿಡ್ತೀನಿ.

ಆಕಿ ಕುರ್ಚಿಗೆ ಒರಗಿ ಕೂತ್ಲು. “ಮೂರು ವರ್ಷ ನಿಂತ್ಕೊಂಡ ಓಡಾಡಿ ಸಾಕಾಗೇತ್ರಿ ನನಗ. ಒಂದ ವಾರ ಮಲಗತೀನಿ. ಆಮ್ಯಾಲೆ ಮನಿಗೆ ಬಂದು ಬಾಯಿಲೇ ಕೇಳ್ರಿ,” ಅಂದು ಹೋದ್ಲು.

ಎಂಟನೇ ದಿನ ಸಾಹೇಬರು ಮೆಟ್ರೋ ಹತ್ತಿ, ಉಪ್ಪಲ್‌ದಾಗ ಮೂರು ಮಾಳಿಗಿ ಏರಿದ್ರು. ಬಾಗಿಲದಾಗ ನಿಂತು ಬಾಯಿ ತೆಗದ್ರು. ಉಸಿರ ಬರವಲ್ದು.

“ಮೊದಲು ಕೂಡ್ರಿ,” ಅಂದ್ಲು ಶೈಲಾ. “ಸಾವಕಾಶ ಕೇಳ್ರಿ. ನಾ ಎಲ್ಲಿಗೂ ಹೊಂಟಿಲ್ಲ.”