ಎಡಗಾಲಿನ ಬೂಟಿನಲ್ಲಿ ಕನ್ನಡಕ

ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 6 ಗಂಟೆ 52 ನಿಮಿಷಕ್ಕೆ ಕೊಯಿವುರಾಂತ ಪಟ್ಟಣದ ಪೊಲೀಸ್ ಠಾಣೆಗೆ ಫೋನ್ ಬಂತು. ಮಾಡಿದವನು ಶುಶ್ರೂಷಾ ತರಬೇತಿ ಶಾಲೆಯ ಕಟ್ಟಡ ನೋಡಿಕೊಳ್ಳುವ ಓಸ್ಮೊ. ಆಂಬುಲೆನ್ಸಿಗೆ ಆಗಲೇ ಹೇಳಿದ್ದ. ಅವನೂ ಇನ್‌ಸ್ಪೆಕ್ಟರ್ ಟೌನೊ ರಾಸಾನೆನ್ ಅವರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಓದಿದವರಾದ್ದರಿಂದ ಮಾತಿಗೆ ಪೀಠಿಕೆ ಇರಲಿಲ್ಲ.

“ಬೇಗ ಬಾರಯ್ಯಾ ಟೌನೊ. ಎರಡನೇ ಮಹಡೀಲಿ ವೆಸಾ ಬಿದ್ದಿದಾನೆ. ತಲೆ ಅನ್ನೋದು ತಲೆ ಥರ ಇಲ್ಲ.”

“ಉಸಿರಾಡ್ತಿದಾನಾ?”

“ಆಡ್ತಿದಾನೆ. ಅದನ್ನ ನೋಡೋಕೇ ಆಗ್ತಿಲ್ಲ.”

7:20ಕ್ಕೆ ಕಾನ್‌ಸ್ಟೇಬಲ್ ಸನ್ನಿ ತಿಕ್ಕಾಳ ಜೊತೆ ರಾಸಾನೆನ್ ಸ್ಥಳ ಮಹಜರು ಶುರುಮಾಡಿದರು. 204ನೇ ಕೊಠಡಿ ಪ್ರಥಮ ಚಿಕಿತ್ಸೆಯ ಅಭ್ಯಾಸಕ್ಕೆ ಮೀಸಲು. ನೆಲದ ಮೇಲೆ ನಾಲ್ಕು ರಬ್ಬರ್ ಬೊಂಬೆಗಳು ಸಾಲಾಗಿ ಮಲಗಿದ್ದವು. ದೀಪ ಹಾಕಿದಾಗ ಓಸ್ಮೊ ವೆಸಾನನ್ನು ಐದನೆಯ ಬೊಂಬೆ ಅಂದುಕೊಂಡಿದ್ದನಂತೆ.

ವೆಸಾ ಹಕ್ಕರೈನೆನ್, ವಯಸ್ಸು 44, ವಿಭಾಗದ ಮುಖ್ಯಸ್ಥ. ಎಡಗೆನ್ನೆಯ ಮೂಳೆ ಒಳಕ್ಕೆ ಕುಸಿದಿತ್ತು. ತಲೆಯ ಹಿಂಭಾಗದಲ್ಲಿ ಇನ್ನೆರಡು ಏಟು. ತಡೆಯಲು ಎತ್ತಿದ ಬಲಗೈಯ ಮೂರು ಬೆರಳು ಮುರಿದಿದ್ದವು. ಎರಡು ಹಲ್ಲು ಮೇಜಿನ ಕೆಳಗೆ ಸಿಕ್ಕವು. ರಕ್ತ ಹರಿದು ಪಕ್ಕದ ಬೊಂಬೆಯ ಅಂಗೈವರೆಗೂ ಹೋಗಿ ಒಣಗಿತ್ತು. ಮೂರು ಕಿಲೋ ತೂಕದ ಆಮ್ಲಜನಕದ ಉಕ್ಕಿನ ಸಿಲಿಂಡರ್ ಕಿಟಕಿಯ ಹತ್ತಿರ ಉರುಳಿತ್ತು. ಅದರ ಬುಡದಲ್ಲಿ ಕೂದಲು.

ಆದರೆ ಹೀಗೆ ಹೊಡೆಸಿಕೊಂಡವನು ಬಿದ್ದ ಹಾಗೆ ಬಿದ್ದಿರಲಿಲ್ಲ. ಅವನನ್ನು ಬಲ ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಕೆನ್ನೆಯ ಕೆಳಗೆ ಅವನದೇ ಕೈ ಇಟ್ಟು ಮಲಗಿಸಲಾಗಿತ್ತು.

“ಯಾರೋ ಕೆಲಸ ಗೊತ್ತಿರೋರು,” ಎಂದ ಆಂಬುಲೆನ್ಸಿನವನು. “ಅಂಗಾತ ಬಿಟ್ಟಿದ್ರೆ ತನ್ನ ರಕ್ತಾನೇ ನುಂಗಿ ನಿನ್ನೇನೇ ಸತ್ತಿರ್ತಿದ್ದ.”

ಬೂಟು ಬಿಚ್ಚಿ ತಲೆಯ ಬಳಿ ಜೋಡಿಸಿಟ್ಟಿದ್ದರು. ಎಡಗಾಲಿನ ಬೂಟಿನೊಳಗೆ ವೆಸಾನ ಕನ್ನಡಕ ಇತ್ತು. ಮಡಚಿ, ಗಾಜಿನ ಮೇಲಿನ ರಕ್ತ ಒರೆಸಿ ಇಟ್ಟದ್ದು.

“ಇದೆಂಥದು?” ಎಂದಳು ಸನ್ನಿ.

“ಬರ್ಕೋ,” ಎಂದರು ರಾಸಾನೆನ್. “ಆಮೇಲೆ ಯೋಚಿಸೋಣ.”

ಸ್ಟ್ರೆಚರ್ ಎತ್ತುವಾಗ ವೆಸಾನ ಒಂದು ಉಣ್ಣೆಯ ಕಾಲುಚೀಲ ಜಾರಿತ್ತು. ಸನ್ನಿ ಅದನ್ನು ಮೇಲಕ್ಕೆಳೆದು ಸರಿಮಾಡಿದಳು. ಹೊರಗೆ ಮೈನಸ್ ಹದಿನಾಲ್ಕು ಡಿಗ್ರಿ.

ಓಸ್ಮೊನ ಹೇಳಿಕೆ ಚಿಕ್ಕದಾಗಿತ್ತು. ವೆಸಾ ಸೋಮವಾರ ಸಂಜೆ ಐದಕ್ಕೂ ಇದ್ದ, ಓಸ್ಮೊ ಐದಕ್ಕೆ ಮನೆಗೆ ಹೋದ. ಬಾಗಿಲು ಆರರವರೆಗೆ ತೆರೆದೇ ಇರುತ್ತದೆ.

“ಜಗಳ ಯಾರ ಜೊತೆ?”

“ಶುಕ್ರವಾರ ರೋಪೆ ಕುರ್ಚಿ ಎಸೆದ. ‘ನಿನ್ನ ತಲೆ ಒಡೀತೀನಿ’ ಅಂದ. ಹದಿನಾಲ್ಕು ಜನ ಕೇಳಿದಾರೆ. ಆದ್ರೆ ಟೌನೊ, ಅವನು ಹಿಂದಿನ ಥರ ಇಲ್ಲ ಕಣಯ್ಯಾ. ಹಿಮ ಗುಡಿಸೋಕೆ ಕೇಳದೇನೇ ಬರ್ತಾನೆ.”

ರೋಪೆ ಆ ಶಾಲೆಯ ವಿದ್ಯಾರ್ಥಿ, ಮೂವತ್ತೊಂದು ವರ್ಷ. ಒಬ್ಬನ ದವಡೆ ಮುರಿದು ಜೈಲಿಗೆ ಹೋಗಿದ್ದವನು ಷರತ್ತಿನ ಮೇಲೆ ಹೊರಗಿದ್ದ. ಡಿಸೆಂಬರಿನಲ್ಲಿ ನಪಾಸಾದ ಪ್ರಥಮ ಚಿಕಿತ್ಸೆಯ ಪರೀಕ್ಷೆಯೊಂದು ಬಾಕಿ. ಅದು ಮುಗಿದರೆ ವೃದ್ಧಾಶ್ರಮದಲ್ಲಿ ಕೆಲಸ ಖಾತ್ರಿಯಾಗಿತ್ತು. ಮತ್ತೊಂದು ಹಲ್ಲೆಯ ಕೇಸು ಬಿದ್ದರೆ ನೇರ ಜೈಲು. ವೆಸಾ ಅವನಿಗೆ ಮರುಪರೀಕ್ಷೆ ಕೊಡಲು ಇನ್ನೂ ಒಪ್ಪಿರಲಿಲ್ಲ.

11:10ಕ್ಕೆ ರೋಪೆಯ ಮನೆ ಬಾಗಿಲು ತಟ್ಟಿದರು. ತೆರೆಯಲಿಲ್ಲ. ಒಳಗೆ ಕಿಟಕಿ ಎಳೆದ ಸದ್ದಾಯಿತು. ಬಾಗಿಲು ಒಡೆದು ನುಗ್ಗಿದಾಗ ಅವನು ಒಂದು ಕಾಲು ಹೊರಗಿಟ್ಟಿದ್ದ. ಸನ್ನಿ ಅಂಗಿ ಹಿಡಿದೆಳೆದಳು. ಅವನ ಮೊಣಕೈ ಅವಳ ಮೂಗಿಗೆ ಬಡಿಯಿತು. ಇಬ್ಬರೂ ಮೇಜಿನ ಮೇಲೆ ಬಿದ್ದರು, ಮೇಜು ಮುರಿಯಿತು, ಅವನ ಫೋನು ಚೂರಾಯಿತು. ರಾಸಾನೆನ್ ಅವನ ಬೆನ್ನ ಮೇಲೆ ಮಂಡಿಯೂರಿ ಬೇಡಿ ಹಾಕಿದರು.

ನೆಲಕ್ಕೆ ಮುಖವೊತ್ತಿದ್ದ ರೋಪೆ ಸನ್ನಿಯ ಕಡೆ ಕಣ್ಣು ಹೊರಳಿಸಿದ.

“ಅಯ್ಯೋ, ತಲೆ ಹಿಂದಕ್ಕೆ ಎತ್ತಬೇಡ್ರೀ. ಮುಂದಕ್ಕೆ ಬಗ್ಗಿ. ಮೂಗಿನ ಮೆತ್ತಗಿನ ಭಾಗ ಒತ್ತಿ ಹಿಡ್ಕೊಳ್ಳಿ. ಹತ್ತು ನಿಮಿಷ. ನಡುವೆ ಬಿಟ್ಟು ನೋಡಬೇಡಿ.”

ಸನ್ನಿ ಹಾಗೇ ಮಾಡಿದಳು. ರಕ್ತ ನಿಂತಿತು.

ಮಧ್ಯಾಹ್ನ 1:30ಕ್ಕೆ ವಿಚಾರಣೆ.

“ಸೋಮವಾರ ಸಂಜೆ ಎಲ್ಲಿದ್ದೆ?”

“ಮನೇಲಿ. ಓದ್ತಿದ್ದೆ.”

“ಯಾರು ನೋಡಿದ್ರು?”

“ಯಾರೂ ಇಲ್ಲ. ಓದೋದನ್ನ ನೋಡೋಕೆ ಟಿಕೆಟ್ ಇಟ್ಟಿರ್ಲಿಲ್ಲ.”

“ಓಡಿದ್ಯಾಕೆ?”

“ನಿಮ್ಮ ಬೂಟಿನ ಸದ್ದು ಕೇಳಿದ್ರೆ ನನ್ನ ಕಾಲು ತಾನೇ ಓಡುತ್ತೆ. ಅಭ್ಯಾಸ.”

“ಏನು ಓದ್ತಿದ್ದೆ?”

“ಪ್ರಥಮ ಚಿಕಿತ್ಸೆ, ಶಾಲೆಯ ಕಲಿಕಾ ಜಾಲತಾಣದಲ್ಲಿ. ನಾಲ್ಕೂ ನಲವತ್ತಕ್ಕೆ ಓದ್ತಿದ್ದ ಹಾಗೇ ಪಾಠಾನೇ ಮಾಯ ಆಯ್ತು. ಪೂರಾ ಕೋರ್ಸೇ ಇಲ್ಲ.”

“ಯಾರಿಗಾದ್ರೂ ಹೇಳಿದ್ಯಾ?”

ರೋಪೆ ಮೇಜಿನ ಕಡೆ ಕಣ್ಣಿಳಿಸಿದ. “ಇಲ್ಲ.”

ರಾಸಾನೆನ್ ಅವನನ್ನು ಲಾಕಪ್ಪಿಗೆ ಕಳಿಸಿದರು. ಒಡೆದ ಫೋನು ತಜ್ಞರಿಗೆ ಹೋಯಿತು. ವರದಿ ಗುರುವಾರಕ್ಕೆ ಎಂದರು.

ಮಾರ್ಚ್ 13, ಬುಧವಾರ, 9:30. ಶಾಲೆಯ ಸರ್ವರ್ ನೋಡಿಕೊಳ್ಳುವ ತೆರ್ಹಿ, ಅತಿಥಿಗಳಿಗೆಂದು ದಾಲ್ಚಿನ್ನಿ ಬನ್ನು ತಂದಿಟ್ಟಿದ್ದಳು. ಸನ್ನಿಯ ಊದಿದ ಮೂಗು ನೋಡಿ, ಕೇಳದೆಯೇ ಅವಳ ಬನ್ನನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಟ್ಟಳು.

“ಕೋರ್ಸ್ ಮಾಯ ಆಗಿದ್ದು ಹೌದು,” ಎಂದಳು. “ಸೋಮವಾರ 4:40ಕ್ಕೆ ವೆಸಾನೇ ಅಳಿಸಿದ್ದು. ಹಳೇ ತಾಣ ಮುಚ್ತಿದೀವಿ. ಎಲ್ಲರೂ ತಮ್ಮ ಕೋರ್ಸಿನ ಬ್ಯಾಕಪ್ ತಗೊಂಡು ಹೊಸ ತಾಣದಲ್ಲಿ ಬಿಚ್ಚಬೇಕು. ಇದನ್ನೂ ಬಿಚ್ಚಿದಾನೆ, ನೋಡಿ.”

ಪರದೆಯ ಮೇಲೆ ಹೊಸ ಕೋರ್ಸ್ ಬಂತು. ಅಚ್ಚುಕಟ್ಟಾಗಿತ್ತು. ರಚನೆ: ವೆಸಾ ಹಕ್ಕರೈನೆನ್.

“ಇದು ಅವನದ್ದೇನಾ?”

ತೆರ್ಹಿ ಕಾಫಿಯ ಬಟ್ಟಲು ತಿರುಗಿಸಿದಳು. “ಬ್ಯಾಕಪ್ ತಗೊಳ್ವಾಗ ಟಿಕ್ ಹಾಕೋ ಒಂದು ಚೌಕ ಇರುತ್ತೆ. ಸದಸ್ಯರ ವಿವರ ಬೇಕಾ ಅಂತ. ಗುರುತು ತೆಗೆದ್ರೆ ಪಾಠ ಬರುತ್ತೆ, ಮನುಷ್ಯರು ಬರಲ್ಲ. ಯಾರು ಬರೆದ್ರು, ಯಾರು ಕೇಳಿದ್ರು, ಯಾರು ಉತ್ತರ ಕೊಟ್ರು, ಎಲ್ಲ ಹೋಗುತ್ತೆ. ಬಿಚ್ಚಿದೋರ ಹೆಸರು ಕೂರುತ್ತೆ. ವೆಸಾ ಗುರುತು ತೆಗೆದಿದ್ದ.”

“ಮನುಷ್ಯರು ಇರೋ ಪ್ರತಿ ಎಲ್ಲಾದ್ರೂ ಇದೆಯಾ?”

“ಇರಬಾರದಿತ್ತು. ಸರ್ವರ್ ದಿನಾ ತಾನೇ ಒಂದು ಪ್ರತಿ ತಗೊಳ್ಳುತ್ತೆ. ಆದ್ರೆ ತಿಂಗಳಿಂದ ಏನೂ ಬದಲಾಗದ ಕೋರ್ಸನ್ನ ಬಿಟ್ಟುಬಿಡುತ್ತೆ. ಇದು ಡಿಸೆಂಬರಿಂದ ಮಲಗಿತ್ತು. ಹಳೇ ಪ್ರತಿಗಳನ್ನ ಜಾಗ ಸಾಲದೆ ನಾನೇ ಅಳಿಸಿದ್ದೆ. ವೆಸಾಗೆ ಅದು ಗೊತ್ತಿತ್ತು.” ತೆರ್ಹಿ ಒಂದು ಸಾಲು ತೋರಿಸಿದಳು. “ಭಾನುವಾರ ಮಧ್ಯಾಹ್ನ ಒಬ್ಬ ವಿದ್ಯಾರ್ಥಿ ಅಲ್ಲಿ ಒಂದು ಪ್ರಶ್ನೆ ಹಾಕಿದ. ಅಷ್ಟಕ್ಕೇ ಸರ್ವರ್ ಎಚ್ಚೆತ್ತು ಸೋಮವಾರ ಬೆಳಗಿನ ಜಾವದ ಸರದೀಲಿ ಇಡೀ ಕೋರ್ಸನ್ನ ಕಾಪಿ ಮಾಡಿದೆ. ಹೆಸರುಗಳ ಸಮೇತ.”

ಅವಳು ಆ ಪ್ರತಿಯನ್ನು ಬಿಚ್ಚಿದಳು. ಹನ್ನೊಂದು ವರ್ಷದ ಪಾಠಗಳು. ವಿದ್ಯಾರ್ಥಿಗಳ ಪ್ರಶ್ನೆಗೆ ಎರಡು ಸಾವಿರದ ಮುನ್ನೂರ ಹದಿನಾರು ಉತ್ತರಗಳು. ಪ್ರತಿಯೊಂದರ ಮೇಲೂ ಒಂದೇ ಹೆಸರು: ಐರಿ ಪುರಾನೆನ್, ಗಂಟೆ ಲೆಕ್ಕದ ಶಿಕ್ಷಕಿ.

ಸನ್ನಿ ಏಳನೇ ಪಾಠದಲ್ಲಿ ನಿಂತಳು. ಜೋರಾಗಿ ಓದಿದಳು. “‘ಗಾಯಾಳುವಿನ ಕನ್ನಡಕ ತೆಗೆದು, ಒರೆಸಿ, ಮಡಚಿ ಅವರ ಬೂಟಿನೊಳಗಿಡಿ. ಎಚ್ಚರವಾದಾಗ ಮನುಷ್ಯ ಮೊದಲು ತಡಕಾಡುವುದು ಅದಕ್ಕೇ. ಬೂಟನ್ನು ಯಾರೂ ಬಿಟ್ಟುಹೋಗುವುದಿಲ್ಲ.’ ವೆಸಾನ ಹೊಸ ಕೋರ್ಸಲ್ಲಿ ಈ ಪುಟ ಇಲ್ಲ.”

“ಭಾನುವಾರದ ಪ್ರಶ್ನೆ ಓದು.”

“‘ಯಾವ ಕಾಲಿನ ಬೂಟು ಟೀಚರ್? ನಂಗೆ ಪರೀಕ್ಷೇಲಿ ಇದೇ ಬರುತ್ತೆ, ನನ್ನ ಅದೃಷ್ಟ ಗೊತ್ತಲ್ಲ.’ ಹಾಕಿದ್ದು ರೋಪೆ. ಉತ್ತರ ಇನ್ನೂ ಬಂದಿಲ್ಲ.”

ರಾಸಾನೆನ್ ಕನ್ನಡಕ ತೆಗೆದು ಒರೆಸಿಕೊಂಡರು. “ಬೂಟಿನ ವಿಷಯ ಅವನ ತಲೇಲಿತ್ತು ಅಂತ ಅವನೇ ಬರೆದುಕೊಟ್ಟ ಹಾಗಾಯ್ತು. ಸರ್ಕಾರಿ ವಕೀಲರು ಇದೊಂದೇ ಹಾಳೆ ಹಿಡ್ಕೊಂಡು ಅವನನ್ನ ಒಳಗೆ ಕಳಿಸ್ತಾರೆ.”

2:10ಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು. ವೆಸಾ ಹಕ್ಕರೈನೆನ್ ತೀರಿಕೊಂಡಿದ್ದ. ಹಲ್ಲೆಯ ಕೇಸು ಕೊಲೆಯ ಕೇಸಾಯಿತು.

ಐರಿ ಪುರಾನೆನ್ ಸರೋವರದ ದಂಡೆಯ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಳು. ಅರವತ್ತೊಂದು ವರ್ಷ. ಹಿಂದೆ ಇಪ್ಪತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದವಳು. ನಾಲ್ಕು ಗಂಟೆಗೆ ಅವರು ಹೋದಾಗ ಕಾಫಿ ಇಟ್ಟಳು, ಮೀನು ತುಂಬಿದ ರೊಟ್ಟಿ ಕತ್ತರಿಸಿದಳು. ಆಮೇಲೆ ಸನ್ನಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಮೂಳೆ ಮುರಿದಿಲ್ಲ. ಸರಿಯಾಗಿ ಹಿಡ್ಕೊಂಡಿದೀಯ ಮಗಳೇ. ಯಾರು ಹೇಳಿಕೊಟ್ಟದ್ದು?”

“ಹೊಡೆದವನೇ. ರೋಪೆ.”

ಐರಿಯ ಕೈ ಹಾಗೇ ನಿಂತಿತು. “ರೋಪೆ ನಿಮ್ಮ ಹತ್ರ ಯಾಕಿದಾನೆ?”

“ವೆಸಾ ಇವತ್ತು ಮಧ್ಯಾಹ್ನ ತೀರ್ಕೊಂಡ್ರು,” ಎಂದರು ರಾಸಾನೆನ್. “ಕೊಲೆ ಕೇಸು. ನಿಮ್ಮಿಂದ ಒಂದೇ ಸಾಕ್ಷಿ ಬೇಕು. ಈ ಪಾಠ ರೋಪೆಗೆ ಕಲಿಸಿದ್ದು ನೀವೇ ತಾನೆ?”

ಅವರು ಅಚ್ಚು ಹಾಕಿಸಿದ ಹಾಳೆ ಮೇಜಿನ ಮೇಲಿಟ್ಟರು. ಐರಿ ಪಾಠ ಓದಲಿಲ್ಲ. ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

“ಇದು ಎಲ್ಲಿ ಸಿಕ್ತು? ಎಲ್ಲಾ ಹೋಯ್ತು ಅಂದಿದ್ದ ವೆಸಾ.”

“ಒಂದು ಪ್ರತಿ ಉಳಿದಿತ್ತು. ರೋಪೆ ಭಾನುವಾರ ಪ್ರಶ್ನೆ ಕೇಳಿದ್ದಕ್ಕೆ.”

“ಅದೇ ಪ್ರಶ್ನೆಗೆ ಅವನನ್ನ ಒಳಗೆ ಹಾಕ್ತೀರಾ?”

“ಹಾಕ್ತಾರೆ.”

ಐರಿ ಎದ್ದು ಒಲೆ ಆರಿಸಿದಳು. ಬಾಗಿಲ ಬಳಿಯಿಂದ ತನ್ನ ಬೂಟು ತಂದು ರಾಸಾನೆನ್‌ರ ಎದುರಿಟ್ಟಳು. “ಹೊಲಿಗೇಲಿ ರಕ್ತ ಇದೆ. ಎಷ್ಟು ತೊಳೆದ್ರೂ ಹೋಗಲ್ಲ. ಅವನನ್ನ ಬಿಡಿ.”

“ಐರಿ, ನಿಲ್ಲಿ. ಇನ್ನು ನೀವು ಹೇಳಿದ್ದೆಲ್ಲ ನಿಮ್ಮ ವಿರುದ್ಧವೇ ಬರುತ್ತೆ. ವಕೀಲರನ್ನ ಕರೆಸ್ತೀನಿ.”

“ಆಮೇಲೆ ಕರೆಸಿ. ಈಗ ಬರ್ಕೊಳ್ಳಿ.”

ಸನ್ನಿ ಬರೆದುಕೊಂಡಳು. ಸೋಮವಾರ ಸಂಜೆ ರೋಪೆಯೇ ಐರಿಗೆ ಮೆಸೇಜ್ ಹಾಕಿದ್ದ, ಪಾಠ ಕಾಣುತ್ತಿಲ್ಲವೆಂದು. ಐದೂಕಾಲಿಗೆ ಅವಳು 204ಕ್ಕೆ ಹೋದಳು. ವೆಸಾ ಹೊಸ ಕೋರ್ಸನ್ನು ಖುಷಿಯಿಂದಲೇ ತೋರಿಸಿದ.

“‘ಕಸ ಗುಡಿಸಿದೆ ಐರಿ,’ ಅಂದ. ‘ಕನ್ನಡಕ, ಬೂಟು, ಇವೆಲ್ಲ ಅಜ್ಜಿ ಕತೆ.’ ಆಯ್ತು, ಪುಟ ತೆಗಿ ಅಂದೆ. ನನ್ನ ಹೆಸರೆಲ್ಲಿ ಅಂತ ಕೇಳಿದೆ. ‘ಹೆಸರುಗಳಿದ್ರೆ ಫೈಲ್ ಭಾರ ಆಗುತ್ತೆ. ಹೇಗೂ ನೀನು ಜೂನಿಗೆ ಕೆಲಸ ಬಿಟ್ಟು ಹೋಗೋಳು,’ ಅಂತ ನಕ್ಕ. ಸಿಲಿಂಡರ್ ಕೈಯಲ್ಲಿತ್ತು. ಬೀರುವಿಗೆ ಇಡೋಣ ಅಂತ ಎತ್ತಿದ್ದೆ. ಮೊದಲನೇ ಏಟಿಗೆ ಮಂಡಿಯೂರಿದ. ಕೈ ಅಡ್ಡ ತಂದ, ಬೆರಳ ಮೇಲೆ ಬಿತ್ತು. ಮಕಾಡೆ ಬಿದ್ದ ಮೇಲೆ ಹಿಂದಿನಿಂದ ಇನ್ನೆರಡು. ಮೂಳೆ ಮುರಿಯೋ ಸದ್ದು ಇಪ್ಪತ್ತು ವರ್ಷ ಕೇಳಿದೀನಿ. ಅದು ಕೇಳಿದ ಮೇಲೇ ಕೈ ನಿಂತಿದ್ದು.”

“ಆಮೇಲೆ?”

“ಆಮೇಲೆ ಕೈ ತನ್ನ ಕೆಲಸ ತಾನು ಮಾಡ್ತು. ಹೊರಳಿಸ್ತು, ಬಾಯಿ ತೆರೀತು, ಬೂಟು ಬಿಚ್ತು.”

“ಆಂಬುಲೆನ್ಸಿಗೆ ಯಾಕೆ ಹೇಳಲಿಲ್ಲ, ಐರಿ? ಬದುಕುತ್ತಿದ್ದನೇನೋ.”

ಅವಳು ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. “ಫೋನ್ ಹಿಡಿದು ನಿಂತಿದ್ದೆ. ಅವರು ಹೆಸರು ಕೇಳ್ತಾರೆ. ನನ್ನ ಬಾಯಿಗೆ ಬರಲಿಲ್ಲ.” ಆಮೇಲೆ, “ರೋಪೆ ಮೆಸೇಜಿನ ವಿಷಯ ಹೇಳಲಿಲ್ಲವಾ?”

“ಇಲ್ಲ.”

ಅವಳು ಅತ್ತದ್ದು ಆಗಲೇ.

4:55ಕ್ಕೆ ಬಂಧನ. ಠಾಣೆಯಲ್ಲಿ, ವಕೀಲರ ಎದುರು, ಹೇಳಿಕೆ ಓದಿ ಹೇಳಿದ ಮೇಲೆ ಐರಿ ಪೆನ್ನು ಹಿಡಿದು ತಡೆದಳು. ಕೊನೆಗೊಂದು ಸಾಲು ಸೇರಿಸಬೇಕೆಂದಳು. ಸೇರಿಸಿದರು.

“ಪೂರ್ತಿ ಹೆಸರು ಬರೀಬೇಕಾ?”

“ಪೂರ್ತಿ,” ಎಂದರು ರಾಸಾನೆನ್, ದೀಪವನ್ನು ಅವಳ ಕಡೆಗೆ ಸರಿಸುತ್ತಾ.

ರಾತ್ರಿ 7 ಗಂಟೆಗೆ ರೋಪೆಯನ್ನು ಬಿಟ್ಟರು. ಸನ್ನಿ ತನ್ನ ಮೂಗಿನ ಬಗ್ಗೆ ಕೊಟ್ಟ ವರದಿಯಲ್ಲಿ ‘ಮೇಜು ತಾಗಿದ್ದು’ ಎಂದು ಬರೆದಿದ್ದಳು. ರಾಸಾನೆನ್ ಅದನ್ನು ಎರಡು ಸಲ ಓದಿ ಸಹಿ ಹಾಕಿದರು.

“ಮೆಸೇಜ್ ಹಾಕಿದ್ದು ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

“ಕೇಳಿದ್ದೆ.”

“ಹಾಗಾದ್ರೆ ಮರ್ತಿದ್ದೆ.” ರೋಪೆ ಬೂಟಿನ ದಾರ ಕಟ್ಟುತ್ತಾ ತಲೆ ಎತ್ತಲಿಲ್ಲ. “ಜೈಲಿಂದ ಬಂದವನನ್ನ ಶಾಲೆಗೆ ಸೇರಿಸ್ಕೊಳ್ಳಿ ಅಂತ ಬರೆದುಕೊಟ್ಟೋರು ಅವರೊಬ್ಬರೇ. ಆ ಕೋರ್ಸು ಈಗ ಎಲ್ಲಿದೆ?”

“ಸಾಕ್ಷ್ಯದ ಪೆಟ್ಟಿಗೇಲಿ. ಹೆಸರುಗಳ ಸಮೇತ. ಅದನ್ನ ಇನ್ನು ಯಾರೂ ಅಳಿಸೋ ಹಾಗಿಲ್ಲ.”

ರೋಪೆ ಬಾಗಿಲವರೆಗೆ ಹೋಗಿ ನಿಂತ. “ಯಾವ ಬೂಟು ಅಂತ ಹೇಳಿದ್ರಾ?”

ರಾಸಾನೆನ್ ಹೇಳಿಕೆಯ ಕೊನೆಯ ಪುಟ ತೆಗೆದು ಓದಿದರು.

“‘ರೋಪೆಯ ಪ್ರಶ್ನೆಗೆ ಉತ್ತರ: ಎಡಗಾಲಿನದು. ಬಲಗಾಲಿನದಾದರೂ ತಪ್ಪಿಲ್ಲ. ಆದರೆ ಯಾವಾಗಲೂ ಒಂದೇ ಕಡೆ ಇಡುವುದನ್ನು ರೂಢಿ ಮಾಡಿಕೋ. ಎಂಥ ಗಾಬರಿಯಲ್ಲೂ ಕೈ ಮರೆಯುವುದಿಲ್ಲ.’”

ಅದರ ಕೆಳಗೆ, ಅಕ್ಷರ ಅಕ್ಷರವಾಗಿ, ಅವಳ ಹೆಸರಿತ್ತು.