ಬಣ್ಣ ಬಿಟ್ಟ ಹವಳ

"ರೀ... ಕೈ ಹಾಕಬ್ಯಾಡ್ರಿ!"

ಆ ದನಿಗೆ ಶಿಲ್ಪಶ್ರೀ ಬೆಚ್ಚಿ ಕೈ ಹಿಂದೆಳೆದಳು. ಮಹಡಿಯ ಬಾಡಿಗೆ ಮನೆಗೆ ಬಂದ ಮೊದಲ ದಿನ. ಕೀಲಿ ಕೇಳಲು ಕೆಳಗೆ ಬಂದವಳು ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿ ನೋಡಿ ಮೈಮರೆತಿದ್ದಳು. ಹೊಸಪೇಟೆಯ ಈ ಸುಡುಬಿಸಿಲಿನಲ್ಲಿ ನಾಲ್ಕಡಿ ಉದ್ದದ ಒಂದು ಸಮುದ್ರ! ಒಳಗೆ ನೇರಳೆ, ಹಸಿರು, ಕೇಸರಿ ಬಣ್ಣದ ಜೀವಂತ ಹವಳಗಳು ಮೆಲ್ಲಗೆ ಅಲ್ಲಾಡುತ್ತಿದ್ದವು.

"ಮುಟ್ಟಿದ್ರ ಸವೆದು ಹೋಗ್ತಾವೇನ್ರಿ?" ಎಂದಳು ಸಿಟ್ಟಿನಿಂದ.

"ಎಷ್ಟ್ ಬೇಕಾದ್ರೂ ನೋಡ್ರಿ, ಮುಟ್ಟಬ್ಯಾಡ್ರಿ ಅಷ್ಟ. ಭಾಳ ಸೂಕ್ಷ್ಮ ಜೀವ ಅವು," ಅಂದ ಮನೆಯ ಮಗ ರೇವಣಸಿದ್ದ, ದನಿ ತಗ್ಗಿಸಿ.

ಅಡುಗೆಮನೆಯಿಂದ ಅವನ ಅಜ್ಜಿ ಮುದುಕಮ್ಮ ನಕ್ಕಳು. "ಬೇಜಾರಾಗಬ್ಯಾಡವ್ವ. ತೊಟ್ಟಿಗೆ ಕೈ ಹಾಕೋ ಮೊದ್ಲು ಅವನೂ ಹಿತ್ತಾಳಿ ಕೊಡ ತಿಕ್ಕಿದಂಗ ತನ್ನ ಕೈ ತಿಕ್ಕೊಂತಾನ!"

ಟಿ.ಬಿ. ಡ್ಯಾಂ ರಸ್ತೆಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಗ್ರೀಸ್ ಹತ್ತಬಾರದೆಂದು ತೊಳೆಯುತ್ತಾನೆ ಎಂದುಕೊಂಡಳು ಅವಳು. ಇವಳೋ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬ್‌ನವಳು. ತೊಟ್ಟಿಯ ಉಪ್ಪು ಅಳೆದುಕೊಡುವ ನೆಪದಲ್ಲಿ ದಿನಾ ಸಂಜೆ ಕೆಳಗೆ ಬರತೊಡಗಿದಳು. ಮೂರೇ ತಿಂಗಳು... ಉಪ್ಪು ನೋಡುವುದಕ್ಕಿಂತ ಅವನ ಮುಖ ನೋಡುವುದೇ ಹೆಚ್ಚಾಯಿತು!

ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಒಂದು ಭಾನುವಾರ ರೇವಣಸಿದ್ದ ಇಸ್ತ್ರಿ ಅಂಗಿ ತೊಟ್ಟು ಸಂಡೂರಿಗೆ ಹೆಣ್ಣು ನೋಡಲು ಹೋದ. ಶಿಲ್ಪಶ್ರೀಗೆ ಕೂತಲ್ಲಿ ಕೂರಲಾಗಲಿಲ್ಲ. ಕಂಪ್ಲಿ ಸೇತುವೆ ದಾಟುವಾಗಲೆಲ್ಲ ಹೊಳೆಗೆ ಕಾಸು ಹಾಕಿ ಬೇಡಿಕೊಳ್ಳುವುದು ಅವಳ ಊರು ಮೆಟ್ರಿಯಲ್ಲಿ ಮನೆಯವರ ರೂಢಿ. ಹೊಳೆಗೆ ಹೋಗುವಷ್ಟು ತಾಳ್ಮೆ ಎಲ್ಲಿತ್ತು? ಅಜ್ಜಿ ನಿಂಗಕ್ಕ ಕೊಟ್ಟಿದ್ದ ತೂತಿನ ತಾಮ್ರದ ಕಾಸನ್ನು ಕಣ್ಣಿಗೊತ್ತಿಕೊಂಡು ತೊಟ್ಟಿಯಲ್ಲೇ ಬಿಟ್ಟಳು. ಅದು ಕಲ್ಲಿನ ಹಿಂದೆ ಜಾರಿ ಮರೆಯಾಯಿತು.

ಸಂಜೆ ಅವನು ಪೇಡೆಯ ಡಬ್ಬಿ ಹಿಡಿದು ಬಂದ. ಮುಗಿಯಿತು, ಸಂಬಂಧ ಕುದುರಿದೆ! ಏನೂ ಕೇಳದೆ ಮೆಟ್ಟಿಲು ಹತ್ತಿದವಳು ಮತ್ತೆ ಕೆಳಗಿಳಿಯಲೇ ಇಲ್ಲ.

ಹನ್ನೆರಡನೆಯ ದಿನ ಅವನೇ ಬಾಗಿಲು ತಟ್ಟಿದ. ಮುಖ ಬಾಡಿತ್ತು.

"ಹವಳ ಎಲ್ಲಾ ಬೆಳ್ಳಗಾಗಾಕತ್ತಾವ್ರಿ... ಒಮ್ಮೆ ಬಂದು ನೋಡ್ತೀರೇನ್ರಿ?"

ಅವಳು ಕೆಳಗಿಳಿದು ತೊಟ್ಟಿಯೊಳಗೆ ಇಣುಕಿದಳು. ಕೇಸರಿ ಇರಲಿಲ್ಲ, ನೇರಳೆ ಇರಲಿಲ್ಲ. ತಳದಲ್ಲಿ ಎರಡು ಬಸವನಹುಳು ಸತ್ತು ಬಿದ್ದಿದ್ದವು. ಬಿಸಿಲಿಗೆ ನೀರು ಕಾದಿರಬೇಕೆಂದು ಥರ್ಮಾಮೀಟರ್ ಇಟ್ಟಳು. ಇಪ್ಪತ್ತಾರು, ಸರಿ ಇದೆ. ಉಪ್ಪು ಸರಿ. ದೀಪ ಬದಲಾಗಿಲ್ಲ.

"ತಾಮ್ರ ನೋಡ್ರಿ," ಅಂದ ಅವನು ಮೆಲ್ಲಗೆ.

"ತಾಮ್ರಾನಾ?"

"ನಮಗ ಚಲೋದು, ಇವಕ್ಕ ವಿಷ. ದಿನಾ ತಾಮ್ರದ ತಂತಿ ಸುತ್ತೋ ಕೈ ನಂದು. ಅದಕ್ಕ ಅಷ್ಟು ತಿಕ್ಕೊಂತಿದ್ದೆ."

ಅವಳು ತೊಟ್ಟಿಯ ನೀರನ್ನು ಗಾಜಿನ ಕೊಳವೆಗೆ ತುಂಬಿದಳು. ಲ್ಯಾಬ್‌ನಿಂದ ತಂದಿದ್ದ ತಾಮ್ರ ಪತ್ತೆಹಚ್ಚುವ ದ್ರಾವಣದ ಹನಿ ಬಿಟ್ಟಳು. ಕೊಳವೆಯ ನೀರು ಬಣ್ಣ ತಿರುಗಿತು. ತಾಮ್ರವೇ!

"ನನ್ನ ಕೈಯೇ ಕೊಂದೈತಿ," ಅವನು ಕುಸಿದು ಕೂತ. "ನಾಕು ವರ್ಷ ಸಾಕಿದ್ದೆ. ಉಳಿದಿದ್ದನ್ನ ಗೆಳೆಯಗ ಕೊಟ್ಬಿಡ್ತೀನಿ. ನನ್ನ ಕೈಗೆ ಇವು ಬದುಕಂಗಿಲ್ಲ."

ಸುಮ್ಮನಿದ್ದರೆ ಅವನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯುತ್ತಾಳೆ. ಆದರೆ ಅವನು ತನ್ನ ಕೈಯನ್ನೇ ದ್ವೇಷಿಸುತ್ತಾ ಬದುಕಬೇಕೆ? ದೇವರೇ... ಬೇಡ!

"ನಿಮ್ಮ ಕೈ ಅಲ್ರಿ," ಅಂದಳು ಅವಳು. "ನನ್ನ ಕೈ. ನಾನೇ ಒಂದು ತಾಮ್ರದ ಕಾಸು ಹಾಕೀನಿ... ಆ ಕಲ್ಲಿನ ಹಿಂದ."

ಅವನು ಬಗ್ಗಿ ಕಲ್ಲಿನ ಹಿಂದೆ ನೋಡಿದ. ಆಮೇಲೆ ಎದ್ದು ತಂಬಿಗೆ ತಂದು ಅವಳ ಕೈಗೆ ನೀರು ಸುರಿದ. "ತೊಳ್ಕೊಳ್ರಿ. ನೀವೇ ಹಾಕಿದ್ದು, ನೀವೇ ತೆಗೀರಿ."

ಮೊದಲ ಸಲ ಆ ನೀರಿಗೆ ಕೈ ಇಳಿಸಿದಳು. ಹಸಿರುಗಟ್ಟಿದ ಕಾಸು ಬೆರಳಿಗೆ ಸಿಕ್ಕಿತು.

"ಏನ್ ಬೇಡ್ಕೊಂಡಿದ್ರಿ?"

"ಸಂಡೂರಿನ ಹುಡುಗಿ ನಿಮಗ ಒಪ್ಪಿಗಿ ಆಗಬಾರ್ದು ಅಂತ," ಎಂದು ಅತ್ತೇಬಿಟ್ಟಳು. "ನನ್ನ ಆಸೀಗೆ ನಿಮ್ಮ ಜೀವಗಳನ್ನ ಕೊಂದೆ..."

"ಅಯ್ಯೋ! ಅವತ್ತೇ ಬ್ಯಾಡ ಅಂದು ಬಂದಿದ್ದೆನಲ್ರಿ!"

"ಮತ್ತ... ಆ ಪೇಡೆ?"

"ನಿಮಗ ತಂದಿದ್ದು! ನೀವು ಬಾಗ್ಲ ಹಾಕ್ಕೊಂಡ್ರಿ. ನನ್ನ ಮ್ಯಾಲ ಇವರಿಗೆ ಮನಸಿಲ್ಲ ಅಂದ್ಕೊಂಡೆ."

ಬಾಗಿಲ ಬಳಿ ಮುದುಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಸು ಹಾಕಿದ್ದು ನಾ ನೋಡಿದ್ದೆ. ಬೇಡ್ಕೊಳ್ಳೋರ ಕೈ ತಡೀಬಾರ್ದು ಅಂತ ಸುಮ್ನಿದ್ದೆ. ಅದು ವಿಷ ಅಂತ ಈ ಮುದುಕಿಗೇನ್ ಗೊತ್ತವ್ವ? ನಾನೂ ಅದನ್ನ ಬೇಡ್ತಿದ್ದೆ!"

ಶಿಲ್ಪಶ್ರೀ ತೊಟ್ಟಿಯತ್ತ ತಿರುಗಿದಳು. "ಇವು ಬದುಕ್ತಾವೇನ್ರಿ?"

"ಬೆಳ್ಳಗಾದ್ವು ಅಂದ್ರ ಸತ್ತಾವಂತಲ್ಲ. ಬಣ್ಣ ಬಿಟ್ಟಾವ ಅಷ್ಟ. ನೀರು ಬದಲಿ ಮಾಡೋಣು, ವಿಷ ಹೀರಾಕ ಇದ್ದಿಲು ಹಾಕೋಣು, ಕಾಯೋಣು."

ಇಬ್ಬರೂ ಕಾದರು. ದಿನಾ ಸಂಜೆ ಬಕೆಟ್‌ನಲ್ಲಿ ಉಪ್ಪು ಕಲಸಿ ಹೊಸ ನೀರು ತುಂಬಿದರು. ನೇರಳೆ ಹವಳ ಮರಳಲಿಲ್ಲ. ಆ ಬರಿದಾದ ಜಾಗ ಕಂಡಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು. ಏಳನೇ ವಾರ, ಬಿಳಿಚಿದ್ದ ಒಂದು ಹವಳದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂಡಿತು.

"ನೋಡ್ರಿ! ಜಲ್ದಿ ಬರ್ರಿ!"

ಅವನು ಬಂದು ಅವಳ ಪಕ್ಕ ನಿಂತ. ಹಸಿರನ್ನು ನೋಡಿದ, ಅವಳನ್ನು ನೋಡಿದ, ಮೆಲ್ಲಗೆ ಕೈ ಚಾಚಿದ.

"ಶಿಲ್ಪಾ... ನಿನ್ನ ಕೈ ಕೊಡ್ತೀಯಾ? ಸಾಯೋತನಕ ಬಿಡಂಗಿಲ್ಲ."

ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ಮಾತ್ರ ತುಂಟತನ.

"ಭಾಳ ಸೂಕ್ಷ್ಮ ಜೀವ ನಾನು. ಕೈ ತೊಳ್ಕೊಂಡೀರೇನ್ರಿ?"

"ಮೂರ್ ಸಲ!"